ಚಾಕಲೇಟಿನೊಳಗಿನ ಮೊಸರು ಕಾಯ್ದವರು

ಇವತ್ತು ಎದ್ದು ಮಾಡಿದ ಕೆಲಸಗಳು ಇಷ್ಟು: ಹಾಲು ಕಾಯಿಸಿದೆ. ಆಫೀಸಿಗೆ ಹೊರಟ ಇವರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ ಹಾಕಿದೆ. ನಿನ್ನೆಯ ಗಾಳಿಗೆ ಬಾಲ್ಕನಿಯಲ್ಲಿ ಕೂತ ಮರಳನ್ನು ಗುಡಿಸಿ, ತುಳಸಿಯ ಎಲೆಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಾಳೆಯ ದೋಸೆಗೆ ಉದ್ದಿನಬೇಳೆ, ಅಕ್ಕಿ ನೆನೆಹಾಕಿದೆ. ಬರುತ್ತೇನೆಂದು ಬಾರದ ಎಸಿ ರಿಪೇರಿಯವನಿಗೆ ಎರಡು ಸಲ ಫೋನು ಮಾಡಿದೆ. ಫ್ರಿಜ್ಜಿನ ಸಾಮಾನೆಲ್ಲ ಹೊರಗಿಟ್ಟು, ಬಾಗಿಲಿನ ರಬ್ಬರನ್ನು ಸೋಡಾಪುಡಿ ಕಲಸಿದ ಬೆಚ್ಚನೆಯ ನೀರಿನಲ್ಲಿ ಒರೆಸಿ ಒಣಗಿಸಿ, ಎಲ್ಲವನ್ನೂ ಮತ್ತೆ ಜೋಡಿಸಿದೆ. ಕೊನೆಗೆ ಬಾಗಿಲ ಸಂದಿಗೆ ಕಾಗದ ಕೊಟ್ಟು ಮುಚ್ಚಿ ಎಳೆದು ನೋಡಿದೆ. ಕಾಗದ ಜಾರಲಿಲ್ಲ.

ಕೊನೆಯ ಈ ಕೆಲಸವನ್ನು ತಿಂಗಳಿಗೊಮ್ಮೆ ಮಾಡುತ್ತೇನೆ. ಕಲಿಸಿಕೊಟ್ಟವರು ಒಬ್ಬರಿದ್ದರು. ಅವರು ತೀರಿಕೊಂಡರೆಂದು ಹತ್ತೂವರೆಗೆ ಅವರ ಮಗಳ ಮೆಸೇಜು ಬಂತು. ಆಗ ಫ್ರಿಜ್ಜು ಖಾಲಿಯಾಗಿ, ಬಾಗಿಲು ತೆರೆದುಕೊಂಡು ನಿಂತಿತ್ತು. ಮೊದಲು ಅದನ್ನು ಮುಚ್ಚಿದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ.

ಅವರು ಕಾರ್ಕಳದ ಕಡೆಯವರು, ಮನೆಯಲ್ಲಿ ತುಳು. ಮಸ್ಕತ್ತಿನಲ್ಲಿ ಆಹಾರ ಪದಾರ್ಥ ತರಿಸುವ ಒಂದು ಸಣ್ಣ ಕಂಪನಿಯ ಕೋಲ್ಡ್ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅದಕ್ಕೆ ಮುಂಚೆ ಅದೇ ಕಂಪನಿಯ ತಣ್ಣನೆಯ ವ್ಯಾನು ಓಡಿಸಿಕೊಂಡು ಒಂದು ದಿನ ಇಬ್ರಾ, ಒಂದು ದಿನ ಬುರೈಮಿ ಎಂದು ಅಲೆದವರು. ಇಬ್ರಾದ ಒಬ್ಬ ಅಂಗಡಿಯವನು ಮಧ್ಯಾಹ್ನ ಕದ ಹಾಕುವಾಗ ಕರೆಂಟು ಉಳಿಸಲೆಂದು ಫ್ರೀಜರಿನ ಸ್ವಿಚ್ಚನ್ನೂ ಆರಿಸುತ್ತಾನೆಂದು ತಿಳಿದು, ಮಾರಿದ ಐಸ್‌ಕ್ರೀಮನ್ನೆಲ್ಲ ವಾಪಸು ವ್ಯಾನಿಗೆ ತುಂಬಿಕೊಂಡು ಬಂದಿದ್ದರಂತೆ. ಅಂಗಡಿಯವನು ಅದು ಕಳ್ಳತನವೆಂದು ದೂರು ಕೊಟ್ಟ. ಕಂಪನಿಯವರು ಅವರನ್ನು ವ್ಯಾನಿನಿಂದ ಇಳಿಸಿ ಸ್ಟೋರಿನೊಳಗೆ ಹಾಕಿದರು. ಅವರ ಬಡ್ತಿಯ ಕತೆ ಇಷ್ಟೇ.

ಮೆರೂನ್ ಬಣ್ಣದ ಸ್ವೆಟರ್ ಅವರ ಗುರುತು. ಹೆಂಡತಿ ಹೆಣೆದದ್ದು, ಮೊಣಕೈ ಹತ್ತಿರ ಬೇರೆ ಉಲ್ಲನ್ನಿನ ತೇಪೆ. ಜೂನ್ ತಿಂಗಳಲ್ಲೂ ಅದನ್ನು ತೊಟ್ಟುಕೊಂಡೇ ಡ್ಯೂಟಿಯಿಂದ ನೇರವಾಗಿ ಬರುತ್ತಿದ್ದರು.

"ಅಣ್ಣಾ, ಸೆಖೆ ಆಗಲ್ವೇ?" ಎಂದು ನಾನು ಕೇಳಿದ್ದುಂಟು.

"ಒಳಗೆ ನಾಲ್ಕು, ಹೊರಗೆ ನಲವತ್ತೈದು ಅಕ್ಕ. ನನ್ನ ಮೈಗೆ ಈಗ ಯಾವುದು ಊರು ಅಂತಲೇ ಗೊತ್ತಿಲ್ಲ."

ನನಗಿಂತ ಏಳೆಂಟು ವರ್ಷ ದೊಡ್ಡವರಾದರೂ ಅಕ್ಕ ಎನ್ನುತ್ತಿದ್ದರು. ನಮ್ಮ ಯಜಮಾನರನ್ನು ಸರ್ ಎನ್ನುತ್ತಿದ್ದರು. ಪರಿಚಯವಾದದ್ದು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ, ಬೆಂಗಳೂರಿನ ಒಬ್ಬರ ಮನೆಯ ದಸರಾ ಊಟದಲ್ಲಿ. ನಾನು ಮಾಡಿಕೊಂಡು ಹೋಗಿದ್ದ ಮೊಸರನ್ನದ ಪಾತ್ರೆಗೆ ಯಾರೋ ಅಪರಿಚಿತರು ಕೈಯ ಹಿಂಬದಿಯನ್ನು ಒತ್ತಿ ನಿಂತಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ.

"ಇದು ಎಷ್ಟು ಗಂಟೆಗೆ ಕಲಸಿದ್ದು ಅಕ್ಕ?"

"ಹನ್ನೊಂದಕ್ಕೆ."

"ಹಾಗಾದ್ರೆ ಇದನ್ನು ಮೊದಲು ಬಡಿಸಿ. ಪಾಯಸ ಕಾಯ್ತದೆ, ಇದು ಕಾಯುದಿಲ್ಲ."

ಅವತ್ತು ಮದೀನತ್ತಿನಲ್ಲಿ ಮೂವತ್ತು ಜನ ಮೊಸರನ್ನದಿಂದ ಊಟ ಶುರು ಮಾಡಿದರು. ಯಾರೂ ಎದುರಾಡಲಿಲ್ಲ. ಅವರು ಅದನ್ನು ಹೇಳಿದ ರೀತಿ ಹಾಗಿತ್ತು.

ಯಾರ ಮನೆಗೆ ಹೋದರೂ ಅವರು ಮೊದಲು ನೋಡುವುದು ಫ್ರಿಜ್ಜನ್ನು. ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಉದ್ದನೆಯ ಥರ್ಮಾಮೀಟರ್. ನಮ್ಮ ಕಟ್ಟಡದ ಒಬ್ಬರು ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದವರು, ಗ್ಲೂಕೋಸ್ ಬಾಟಲಿಯನ್ನು ಮುಟ್ಟಿ ನೋಡಿ, "ಸರಿ ಉಂಟು" ಎಂದು ರೋಗಿಗೆ ಧೈರ್ಯ ಹೇಳಿ ಬಂದಿದ್ದರು.

ಆ ಹೊತ್ತಿಗೆ ಕಚ್ಚಾ ಎಣ್ಣೆಯ ಬೆಲೆ ಇಳಿಯತೊಡಗಿತ್ತು. ನಮ್ಮವರು ಕಟ್ಟಡ ಕಂಪನಿಯಲ್ಲಿ ಖರ್ಚಿನ ಅಂದಾಜು ಹಾಕುವ ಎಸ್ಟಿಮೇಟರ್. ಇವರ ಆಫೀಸಿನಲ್ಲಿ ಮೊದಲು ಮೀಟಿಂಗಿನ ಬಿಸ್ಕತ್ತು ಹೋಯಿತು, ಆಮೇಲೆ ಚಹಾ ಹೋಯಿತು, ಆಮೇಲೆ ಚಹಾ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ಪ್ರತಿ ಬೆಳಿಗ್ಗೆ ಇವರು ಬ್ಯಾರಲ್ಲಿನ ಬೆಲೆ ಓದಿ ಹೇಳುವರು. ಸಂಜೆ ಅಣ್ಣ ಬಂದರೆ ಆ ದಿನದ ಸೆಖೆ ಎಷ್ಟೆಂದು ಹೇಳುವರು. ಒಂದು ಇಳಿಯುತ್ತಿತ್ತು, ಒಂದು ಏರುತ್ತಿತ್ತು. ನಾನು ಎರಡಕ್ಕೂ ಹೂಂ ಎನ್ನುತ್ತಿದ್ದೆ.

ಅಂಥ ಹೊತ್ತಿನಲ್ಲಿ ಅಣ್ಣನ ಕಂಪನಿ ಹಂಗೇರಿಯಿಂದ ಒಂದು ತಿಂಡಿ ತರಿಸಿತು. ಮದೀನತ್ತಿನ ಕಡೆ ಎಣ್ಣೆ ಕಂಪನಿಗಳ ವಿದೇಶಿ ಸಂಸಾರಗಳಿದ್ದವಲ್ಲ, ಅವರಿಗಾಗಿ. ಹೆಸರು ತೂರೋ ರುಡಿ. ಹೆಬ್ಬೆರಳಿಗಿಂತ ತುಸು ಉದ್ದ, ಬಿಳಿ ಕಾಗದದ ಮೇಲೆ ಕೆಂಪು ಚುಕ್ಕೆ. ಹೊರಗೆ ತೆಳ್ಳನೆಯ ಕಪ್ಪು ಚಾಕಲೇಟು, ಒಳಗೆ ಒಡೆದ ಹಾಲಿನ ಗಟ್ಟಿ: ನಮ್ಮ ಪನೀರಿನಷ್ಟು ಗಟ್ಟಿಯಲ್ಲ, ಬಟ್ಟೆಯಲ್ಲಿ ಕಟ್ಟಿಟ್ಟ ಮೊಸರಿನಷ್ಟು ಮೆತ್ತಗೂ ಅಲ್ಲ. ಸದಾ ತಣ್ಣಗಿರಬೇಕು, ಎಂಟು ಡಿಗ್ರಿ ದಾಟಬಾರದು, ಆಯುಸ್ಸು ಕೆಲವೇ ವಾರ. ಗಿರಾಕಿಗಳಲ್ಲಿ ಒಬ್ಬ ಹಂಗೇರಿ ಮೇಡಂ ಇದ್ದರು, ಮಕ್ಕಳಿಗೆ ಪಿಯಾನೋ ಕಲಿಸುವವರು. ಅವರಿಂದ ಕಾಗದದ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, ಮೊಟ್ಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅಣ್ಣ ನಮ್ಮ ಮನೆಗೆ ಆರು ತಂದದ್ದು, ಐಸಿನ ಡಬ್ಬಿಯಲ್ಲಿಟ್ಟು.

ನನ್ನ ಮಗ ಒಂದು ಕಚ್ಚಿ, "Amma, it's gone bad" ಎಂದ. ಇವರು ಮೂಸಿ ನೋಡಿ ತಟ್ಟೆಯ ಅಂಚಿಗಿಟ್ಟರು. ನಾನೂ ತಿಂದೆ. ಚಾಕಲೇಟು ಚಟ್ಟೆಂದು ಮುರಿದು ಒಳಗಿನಿಂದ ಹುಳಿ ಬಂತು. ಬಂದವರ ಎದುರು ಹೇಗೆ ಹೇಳುವುದೆಂದು ಸ್ವಲ್ಪ ತಡೆದು ಹೇಳಿದೆ.

"ಅಣ್ಣಾ, ಹುಳಿ ಬಂದಿದೆ ಅಲ್ವೇ?"

"ಬಂದದ್ದಲ್ಲ ಅಕ್ಕ, ಇದ್ದದ್ದು. ಎಲ್ಲ ನಮ್ಮವರೂ ಹಾಗೇ ಹೇಳ್ತಾರೆ. ಮೂರು ಜನ ಉಗಿದೇ ಬಿಟ್ರು ಮಾರ್ರೆ."

"ಹಾಗಾದ್ರೆ ನಿಜವಾಗ್ಲೂ ಕೆಟ್ಟರೆ ಹೇಗೆ ಗೊತ್ತಾಗುತ್ತೆ?"

"ನಾಲಗೆಗೆ ಗೊತ್ತಾಗುದಿಲ್ಲ. ಪುಸ್ತಕಕ್ಕೆ ಗೊತ್ತಾಗ್ತದೆ."

ಪುಸ್ತಕವೆಂದರೆ ಅವರ ಸ್ಟೋರಿನ ರಿಜಿಸ್ಟರು. ಎರಡು ಗಂಟೆಗೊಮ್ಮೆ ಒಳಗಿನ ತಾಪಮಾನ ಬರೆದು ಸಹಿ ಹಾಕುವ ಪುಸ್ತಕ. ಯಾರೂ ತೆರೆದು ನೋಡದ ಅದನ್ನು ಅವರು ಗುಂಡನೆಯ ಅಕ್ಷರದಲ್ಲಿ ಬರೆಯುತ್ತಿದ್ದರು.

ನನಗೆ ಮೂರನೆಯದಕ್ಕೆ ರುಚಿ ಹತ್ತಿತು. ಮಗ ತಾನು ಹೇಳಿದ್ದನ್ನು ಮರೆತು ಉಳಿದೆರಡನ್ನು ಮುಗಿಸಿದ. ಅವರು ಒಂದು ಚುಕ್ಕೆ ಕಾಗದವನ್ನು ಮಂಡಿಯ ಮೇಲಿಟ್ಟು ಉಗುರಿನಿಂದ ನೀವಿ ಸಪಾಟು ಮಾಡಿ, ನಮ್ಮ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದರು. ಸಲೀಸಾಗಿ ಜಾರಿಬಂತು.

"ಅಕ್ಕ, ಇದು ಫ್ರಿಜ್ಜಲ್ಲ, ಕಪಾಟು."

ಮರುದಿನವೇ ಹೊಸ ರಬ್ಬರು ತಂದು ಕೂರಿಸಿದರು. ಕಾಗದ ನನ್ನ ಹತ್ತಿರ ಉಳಿಯಿತು. ಮೊಟ್ಟೆ ಇಡುವ ಗುಳಿಗಳು ನಮ್ಮ ಫ್ರಿಜ್ಜಿನಲ್ಲಿ ಖಾಲಿಯೇ ಇರುತ್ತವಾದ್ದರಿಂದ ಅಲ್ಲಿ ಮಡಚಿಟ್ಟೆ.

ಇನ್ನು ಆ ಶುಕ್ರವಾರ.

ಅಕ್ಟೋಬರ್ ತಿಂಗಳು. ಮಗನ ಹುಟ್ಟುಹಬ್ಬ, ಸಂಜೆ ಇಪ್ಪತ್ತು ಜನ ಬರುವವರು. ಬೆಳಿಗ್ಗೆ ನೋಡಿದರೆ ಫ್ರಿಜ್ಜು ತಣ್ಣಗಿಲ್ಲ. ಮೊಸರು, ಕೆನೆ ಹಾಕಿದ ಹಣ್ಣಿನ ರಸಾಯನ ಎಲ್ಲ ಒಳಗಿತ್ತು. ಹನ್ನೆರಡೂವರೆಯ ತನಕ ಕಾದು, ಆಗಲೂ ತಣ್ಣಗಾಗದಾಗ ಅಣ್ಣನಿಗೆ ಫೋನು ಮಾಡಿದೆ. ಅವರ ಸ್ಟೋರಿನಲ್ಲಿ ಜನ ಕಡಿಮೆ ಮಾಡಿದ್ದರಿಂದ ರಜೆಯ ಶುಕ್ರವಾರವೂ ಅವರಿಗೆ ಡ್ಯೂಟಿ; ನನಗೆ ಅದು ಗೊತ್ತಿತ್ತು.

"ಅಣ್ಣಾ, ಹೇಗಾದ್ರೂ ಮಾಡಿ ಒಂದ್ಸಲ ಬಂದುಹೋಗಿ."

"ಅಕ್ಕ, ಒಳಗೆ ಇದ್ದೇನೆ, ಮಾತು ತುಂಡು ತುಂಡು ಕೇಳ್ತದೆ. ನಿಲ್ಲಿ, ಹೊರಗೆ ಬರ್ತೇನೆ."

ಹೊರಗೆ ಬಂದರು, ಕೇಳಿಸಿಕೊಂಡರು, ಬರುತ್ತೇನೆಂದರು. ಜೊತೆಯ ಕೆಲಸದವನು ನಮಾಜಿಗೆ ಹೋಗಿದ್ದ. ಊಟದ ಬಿಡುವಿನಲ್ಲಿ ಬಂದು ಹೋಗುವ ಲೆಕ್ಕ ಹಾಕಿ ಅಲ್ಲಿಂದಲೇ ಕಾರು ಹತ್ತಿದರು.

ನಮ್ಮ ಫ್ರಿಜ್ಜಿಗೆ ಆಗಿದ್ದು ಏನೂ ಅಲ್ಲ. ತಣ್ಣನೆಯ ಗಾಳಿ ಬರುವ ಕಿಂಡಿಗೆ ನಾನು ತೆಂಗಿನತುರಿಯ ಡಬ್ಬಿ ಅಡ್ಡ ಇಟ್ಟಿದ್ದೆ. ಡಬ್ಬಿ ಸರಿಸಿದರು, ಹತ್ತು ನಿಮಿಷ ಕಾದರು, ಥರ್ಮಾಮೀಟರ್ ನೋಡಿದರು. ಕೆಲಸ ಮುಗಿಯಿತು.

"ಊಟದ ಹೊತ್ತು, ಹಾಗೇ ಹೋಗ್ತೀರಾ? ಕೂತ್ಕೊಳ್ಳಿ" ಎಂದೆ.

"ಬೇಡ ಅಕ್ಕ, ಹೋಗ್ಬೇಕು."

"ಒಂದು ತುತ್ತು ಅಣ್ಣಾ. ಹುಟ್ಟುಹಬ್ಬದ ದಿನ."

ಕೂತರು. ಬಿಸಿಬೇಳೆಬಾತು, ಶಾವಿಗೆ ಪಾಯಸ. ಪಾಯಸದ ಬಟ್ಟಲು ಖಾಲಿಯಾದಾಗ ಅವರು ಗಡಿಯಾರ ನೋಡಿದರು. ನಾನು ಅದನ್ನು ನೋಡಿದೆ. ನೋಡಿಯೂ ಇನ್ನೊಂದು ಸೌಟು ಹಾಕಿದೆ. ಹಾಕಿದ್ದನ್ನು ಬಿಡುವವರಲ್ಲ ಅವರು. ಎರಡನೆಯ ಸಲ ಗಡಿಯಾರ ನೋಡಿದಾಗ ಇವರು ಬ್ಯಾರಲ್ಲಿನ ಬೆಲೆಯ ವಿಷಯ ತೆಗೆದರು. ಅಂತೂ ಅವರು ಹೊರಟಾಗ ಮೂರು ಗಂಟೆ.

ಸ್ಟೋರಿಗೆ ಹೋಗಿ ನೋಡಿದರೆ ಬಾಗಿಲು ಗೇಣಗಲ ತೆರೆದಿತ್ತು. ಕಿವಿಗೆ ಫೋನು ಹಿಡಿದು ಹೊರಗೆ ಬರುವಾಗ ಮೊಣಕೈಯಲ್ಲಿ ದೂಡಿದ್ದರು, ಚಿಲಕ ಕೂತಿರಲಿಲ್ಲ. ಬಾಗಿಲು ತೆರೆದಿದ್ದರೆ ಕೂಗುವ ಗಂಟೆ ಎರಡು ತಿಂಗಳಿಂದ ಕೆಟ್ಟಿತ್ತು; ಹೊಸದಕ್ಕೆ ಮೂರು ಸಲ ಬರೆದುಕೊಟ್ಟಿದ್ದರು, ಮೂರು ಸಲವೂ ಮುಂದಿನ ತಿಂಗಳು ಎಂಬ ಉತ್ತರ ಬಂದಿತ್ತು. ಒಳಗೆ ಹತ್ತೊಂಬತ್ತು ಡಿಗ್ರಿ. ಆ ಕೋಣೆಯಲ್ಲಿ ಆಗ ಇದ್ದದ್ದು ಹಂಗೇರಿಯಿಂದ ಆ ವಾರವಷ್ಟೇ ಬಂದ ಮಾಲು ಮಾತ್ರ. ಹತ್ತೊಂಬತ್ತಕ್ಕೆ ಚಾಕಲೇಟು ಕರಗುವುದಿಲ್ಲ. ಒಂದೇ ಒಂದು ಚುಕ್ಕೆ ಕಾಗದವೂ ಒದ್ದೆಯಾಗಿರಲಿಲ್ಲ. ಬಾಗಿಲು ಹಾಕಿದರು. ನಮಾಜು, ಊಟ ಮುಗಿಸಿ ಕೆಲಸದವನು ಸಂಜೆ ಬರುವಷ್ಟರಲ್ಲಿ ತಾಪಮಾನದ ಮುಳ್ಳು ನಾಲ್ಕಕ್ಕೆ ಇಳಿದಿತ್ತು. ನೋಡಿದವರು ಯಾರೂ ಇಲ್ಲ.

ಅವರು ರಿಜಿಸ್ಟರು ತೆಗೆದು ಬರೆದರು: ಬಾಗಿಲು ತೆರೆದಿತ್ತು, ಸುಮಾರು ಎರಡೂವರೆ ಗಂಟೆ, ಹತ್ತೊಂಬತ್ತು ಡಿಗ್ರಿ, ಕಾರಣ ನಾನು.

ಭಾನುವಾರ ಮ್ಯಾನೇಜರು ಆ ಪುಟ ಹರಿದು ಬೇರೆ ಬರೆಯಲು ಹೇಳಿದರಂತೆ. ಅಣ್ಣ ಆಗುವುದಿಲ್ಲ ಎಂದರಂತೆ. ಮ್ಯಾನೇಜರ ಮೇಜಿನ ಮೇಲೆ ಕೆಲಸದಿಂದ ತೆಗೆಯಬೇಕಾದವರ ಪಟ್ಟಿ ಮೊದಲೇ ಇತ್ತು. ಅದರಲ್ಲಿ ಅಣ್ಣನದು ಐದನೆಯ ಹೆಸರು. ಅವತ್ತು ಒಂದನೆಯದಾಯಿತು.

ಇದನ್ನೆಲ್ಲ ನನಗೆ ಹೇಳಿದ್ದು ಅವರ ಹೆಂಡತಿ, ಸೋಮವಾರ ಬಂದು. ಅತ್ತವರಲ್ಲ. ನನ್ನ ಜೊತೆ ಕೂತು ಅವರೆಕಾಳು ಬಿಡಿಸುತ್ತ ಹೇಳಿದರು. ಮಗಳು ಹನ್ನೆರಡನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಪ್ಪನ ವೀಸಾ ರದ್ದಾದರೆ ಮಗಳದೂ ರದ್ದು. ಪರೀಕ್ಷೆಗೆ ನಾಲ್ಕೈದು ತಿಂಗಳಿರುವಾಗ ಊರಿಗೆ ಹೋಗಿ ಯಾವ ಶಾಲೆ ಸೇರಿಸುವುದು? ಒಂದು ವರ್ಷ ಹೋದಂತೆಯೇ.

"ನಮ್ಮನೆಗೆ ಬಂದಿದ್ದೆ ಅಂತ ಬರೀಬಹುದಿತ್ತಲ್ಲ ಅವರು?" ಎಂದೆ.

"ನಾನೂ ಅದೇ ಕೇಳಿದೆ. ಟೆಂಪರೇಚರಿಗೂ ಅದಕ್ಕೂ ಸಂಬಂಧ ಇಲ್ಲ ಹೇಳಿದ್ರು."

ಆ ರಾತ್ರಿ ನಾನು ಇವರಿಗೆ, "ನಾಳೆ ಅವರ ಕಂಪನಿಗೆ ಹೋಗೋಣ" ಎಂದೆ. ಇವರು, "ನಮ್ಮ ಮಾತು ಯಾರು ಕೇಳ್ತಾರೆ ಕಣೇ?" ಎಂದರು. ಆದರೂ ಅರ್ಧ ದಿನ ರಜೆ ಹಾಕಿ ಬಂದರು.

ಕಂಪನಿಯ ಕಫೀಲ್, ಎಂದರೆ ವೀಸಾ ಕೊಡುವ ಮಾಲೀಕರು, ಎಪ್ಪತ್ತರ ಆಸುಪಾಸಿನ ಒಮಾನಿ ಅಜ್ಜ, ಬೊಂಬಾಯಿಯಲ್ಲಿ ಹಿಂದೆ ವ್ಯಾಪಾರ ಮಾಡಿದ್ದವರು. ನಮ್ಮೆಲ್ಲರಿಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಕೆಲಸದವರಿಗೆ ಅವರು ಅರ್ಬಾಬ್, ಎಂದರೆ ಧಣಿ. ಖಹ್ವಾ ಕಾಫಿ, ಖರ್ಜೂರ ಕೊಟ್ಟು ಕೂರಿಸಿದರು. ಒಂದು ಕಡೆ ಮ್ಯಾನೇಜರು, ಇನ್ನೊಂದು ಕಡೆ ಸ್ವೆಟರ್ ತೊಟ್ಟ ಅಣ್ಣ. ನನ್ನನ್ನು ಅಲ್ಲಿ ಕಂಡು ಅವರು ಮುಖ ಸಿಂಡರಿಸಿದರು. ನಾನು ಹೇಳಬೇಕಾದ್ದನ್ನು ಹೇಳಿದೆ: ಕರೆದದ್ದು ನಾನು, ಕೂರಿಸಿದ್ದು ನಾನು, ಎರಡನೆಯ ಸಲ ಪಾಯಸ ಬಡಿಸಿದ್ದೂ ನಾನು.

ಅಜ್ಜ, "ಪಾಯಸ ಎಂದರೆ?" ಎಂದು ಕೇಳಿದರು. ವಿವರಿಸಿದೆ. ತಲೆಯಾಡಿಸಿದರು. ಆಮೇಲೆ ರಿಜಿಸ್ಟರು ತರಿಸಿ ಆ ಸಾಲನ್ನು ಅಣ್ಣನಿಂದ ಓದಿಸಿ ಕೇಳಿದರು.

"ಬಾಗಿಲು ತೆರೆದಿಟ್ಟವರು ಯಾರು?"

"ನಾನು, ಅರ್ಬಾಬ್."

"ನೋಡಿದವರು?"

"ನಾನೇ."

ಮ್ಯಾನೇಜರು ಆ ಮಾಲಿನ ಒಂದು ಡಬ್ಬಿ ತಂದಿದ್ದರು. ಅಜ್ಜ ಒಂದನ್ನು ಬಿಚ್ಚಿ, ಯಾರೂ ಬೇಡವೆನ್ನುವ ಮೊದಲೇ ಅರ್ಧ ಕಚ್ಚಿ ತಿಂದರು. ಕಣ್ಣು ಚಿಕ್ಕದಾಯಿತು.

"ಹುಳಿ. ಕೆಟ್ಟಿದೆ."

"ಇಲ್ಲ ಬಾಬಾ, ಇದರ ರುಚಿಯೇ ಹಾಗೆ. ಏನೂ ಆಗಿಲ್ಲ" ಎಂದರು ಮ್ಯಾನೇಜರು.

ಅಜ್ಜ ಅಣ್ಣನ ಕಡೆ ತಿರುಗಿದರು. "ನೀನು ಹೇಳು. ಕೆಟ್ಟಿದೆಯೋ ಇಲ್ಲವೋ?"

"ಗೊತ್ತಿಲ್ಲ ಅರ್ಬಾಬ್. ಅದಕ್ಕೇ ಬರೆದದ್ದು."

ಅಜ್ಜ ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಇನ್ನೊಂದು ಬಟ್ಟಲು ಖಹ್ವಾ ಕುಡಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತ ಕೂತೆವು. ಅವರಿಗೆ ಏನೂ ಆಗಲಿಲ್ಲ. ಕೊನೆಗೆ ಮಾತಾಡಿದರು. "ಮಾಲು ನಾಶ ಮಾಡಿ. ಬಾಗಿಲು ತೆರೆದದ್ದಕ್ಕೆ ನಿನ್ನ ಕೆಲಸ ಹೋಯಿತು. ಬರೆದದ್ದಕ್ಕೆ ಮಗಳ ಪರೀಕ್ಷೆ ಮುಗಿಯುವ ತನಕ ವೀಸಾ ಇರುತ್ತದೆ. ಖಲಾಸ್."

ಮೆಟ್ಟಿಲಿಳಿಯುವಾಗ ಅಣ್ಣ ನನಗಿಂತ ಮುಂದೆ ಇಳಿದುಹೋದರು. ಕಾರಿನ ಹತ್ತಿರ ನಿಂತು ನಾನೇ, "ನಾನು ಕರೀದೆ ಇದ್ದಿದ್ರೆ..." ಎಂದು ಶುರು ಮಾಡಿದೆ.

"ಕರೆದದ್ದು ನೀವು ಅಕ್ಕ. ದೂಡಿದ್ದು ನನ್ನ ಮೊಣಕೈ. ಆ ತೆಂಗಿನತುರಿ ಡಬ್ಬಿ ಪುನಃ ಅಲ್ಲೇ ಇಟ್ಟಿದ್ದೀರಾ?"

ಇಟ್ಟಿರಲಿಲ್ಲ. ಇಟ್ಟಿಲ್ಲವೆಂದೆ.

ಮಾಲು ಒಯ್ಯಲು ನಗರಸಭೆಯ ಲಾರಿ ಬಂದ ದಿನ ಹಂಗೇರಿ ಮೇಡಂ ಕೂಡ ಬಂದಿದ್ದರಂತೆ. ಅವರೂ ಆ ತಿಂಗಳೇ ದೇಶ ಬಿಟ್ಟು ಹೊರಡುವವರು, ಗಂಡನ ಕೆಲಸ ಹೋಗಿತ್ತು. ಇಂಗ್ಲಿಷಿನಲ್ಲಿ ಬೇಡಿಕೊಂಡರಂತೆ: ಒಂದೇ ಡಬ್ಬಿ ಕೊಡಿ, ಏನಾದರೂ ಆದರೆ ನನ್ನ ಜವಾಬ್ದಾರಿ, ನಮ್ಮಲ್ಲಿ ಮಕ್ಕಳು ಇದನ್ನು ಶಾಲೆಯ ಚೀಲದಲ್ಲಿಟ್ಟುಕೊಂಡು ಹೋಗಿ ತಿನ್ನುತ್ತಾರೆ.

"ಅಲ್ಲಿ ಚಳಿ ಮೇಡಂ" ಎಂದು ಹೇಳಿ ಅಣ್ಣ ಡಬ್ಬಿಗಳನ್ನು ತಾವೇ ಎಣಿಸಿ ಲಾರಿಗೆ ಹತ್ತಿಸಿದರು. ಆಮೇಲೆ ಮೇಡಂ ಹೋಗುವ ತನಕ ಸ್ಟೋರಿನ ಹಿಂದೆ ನಿಂತಿದ್ದರಂತೆ. ಅದನ್ನು ನನಗೆ ಹೇಳಿದ್ದು ಅಣ್ಣನೇ. ಯಾಕೆ ಹಿಂದೆ ನಿಂತಿರೆಂದು ನಾನು ಕೇಳಲಿಲ್ಲ.

ಕೆಲಸ ಹೋದ ಮೇಲೆ ಸ್ವೆಟರ್ ಬಿಟ್ಟರು. ಬಿಟ್ಟ ವಾರವೇ ಶೀತವಾಯಿತು. ಐದು ತಿಂಗಳು ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು, ನಡುವೆ ನಮ್ಮ ಕಟ್ಟಡದ ಹದಿನಾರು ಮನೆಗಳ ಫ್ರಿಜ್ಜು ಪರೀಕ್ಷಿಸುವುದು. ಮಗಳ ಕಡೆಯ ಪೇಪರು ಮುಗಿದ ಮೂರನೆಯ ದಿನ ವಿಮಾನ ಹತ್ತಿದರು. ಊರಿನಲ್ಲಿ ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ಸೇರಿದ್ದಾರೆಂದು ತಿಳಿಯಿತು. ಮಗಳು ಪಾಸಾದಳು, ಟೀಚರಾದಳು, ಮದುವೆಯಾದಳು. ಪ್ರತಿ ಅಕ್ಟೋಬರಿನಲ್ಲಿ ನನ್ನ ಮಗನಿಗೆ ಹುಟ್ಟುಹಬ್ಬದ ಮೆಸೇಜು ಅವರಿಂದ ತಪ್ಪದೆ ಬರುತ್ತಿತ್ತು. ಕೊನೆಯಲ್ಲಿ ಒಂದು ಸಾಲು: ಬಾಗಿಲು ಸರಿ ಉಂಟಾ?

ಇವತ್ತು ಮಧ್ಯಾಹ್ನ ಅವರ ಮಗಳಿಗೆ ಫೋನು ಮಾಡಿದೆ. ಹಾರ್ಟ್ ಅಟ್ಯಾಕ್, ನಸುಕಿನಲ್ಲಿ. ದುಬೈನಲ್ಲಿರುವ ಚಿಕ್ಕಪ್ಪ ಬರುವ ತನಕ ಕಾಯಬೇಕಾದ್ದರಿಂದ ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆ ತರಿಸಿ ಅದರಲ್ಲಿ ಮಲಗಿಸಿದ್ದಾರೆ. ಹಿನ್ನೆಲೆಯಲ್ಲಿ ಜನರ ಮಾತು ಕೇಳುತ್ತಿತ್ತು. ಅವಳು ದನಿ ತಗ್ಗಿಸಿದಳು.

"ಆಂಟಿ, ನಾನು ಒಂದು ಮಾಡಿದೆ. ಯಾರಿಗೂ ಹೇಳ್ಬೇಡಿ, ಆಯ್ತಾ?"

"ಏನಮ್ಮಾ?"

"ಮುಚ್ಚಳಕ್ಕೆ ಪೇಪರ್ ಇಟ್ಟು ಎಳೆದು ನೋಡಿದೆ. ಟೈಟ್ ಇತ್ತು."

"ಒಳ್ಳೇದಾಯ್ತು" ಎಂದೆ.

ಸಂಜೆ ಇವರು ಬಂದ ಮೇಲೆ ಹೇಳಿದೆ. ಶೂ ಬಿಚ್ಚುತ್ತಿದ್ದವರು ಒಂದು ಕಾಲಿನದು ಬಿಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಬಹಳ ಹೊತ್ತು ಕೂತಿದ್ದರು. ಅಡುಗೆಗೆ ಮನಸ್ಸಿರಲಿಲ್ಲ. ರಾತ್ರಿ ಮೊಸರನ್ನ, ಮಾವಿನ ಮಿಡಿ. ಇವರು ತಟ್ಟೆ ಮುಂದೆ ಮಾಡಿದಾಗ ಎರಡನೆಯ ಸಲ ಬಡಿಸುವ ಮುಂಚೆ, ಆ ಶುಕ್ರವಾರದಿಂದ ಎಲ್ಲರನ್ನೂ ಕೇಳುವ ಹಾಗೆ, "ಎಲ್ಲಿಗಾದ್ರೂ ಹೋಗ್ಬೇಕಾ?" ಎಂದು ಕೇಳಿದೆ.

"ಎಲ್ಲಿಗೂ ಇಲ್ಲ, ಹಾಕು" ಎಂದರು.

ಹಾಕಿದೆ. ಇವರು ಮೊದಲು ಮಲಗಿದರು; ನಾನು ನಾಳೆಯ ದೋಸೆಗೆ ನೆನೆಹಾಕಿದ್ದನ್ನು ರುಬ್ಬಿಟ್ಟೆ.